ದೊರೆಯ ಕಪ್ಪು ಕಿವಿ

ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ನಾಯಿಯ ಬಟ್ಟಲು ಬೋರಲಾಗಿತ್ತು. ತೊಳೆದು ಒಣಗಲು ಇಟ್ಟ ಹಾಗೆ. ರಾತ್ರಿ ತಾನೇ ತೊಳೆದಿಟ್ಟಿರಬೇಕು ಎಂದುಕೊಂಡ ಕತ್ರಿ ಅದನ್ನು ನೆಟ್ಟಗೆ ಮಾಡಿ, ಹಾಲಲ್ಲಿ ನೆನೆಸಿದ ಬ್ರೆಡ್ಡು ಹಾಕಿ, "ದೊರೇ" ಎಂದು ಕರೆದ.

ದೊರೆ ಬರಲಿಲ್ಲ. ನೀರಿನ ತೊಟ್ಟಿಯ ಪಕ್ಕದ ತಂಪು ಮಣ್ಣಿನಲ್ಲಿ ಮುಂಗಾಲುಗಳ ಮೇಲೆ ಮುಖವಿಟ್ಟು ಮಲಗಿತ್ತು. ಮುಟ್ಟಿದರೆ ಮೈ ತಣ್ಣಗಿತ್ತು.

ಮಗಳು ಗುಬ್ಬಿ ಆಗಲೇ ಸ್ಕೂಲಿಗೆ ಹೋಗಿಯಾಗಿತ್ತು. ಬೀದಿ ತಿರುವಿನ ತನಕ ಜೊತೆಗೆ ಹೋಗುತ್ತಿದ್ದ ನಾಯಿಯನ್ನು ಇವತ್ತು ಕರೆಯದೆ ಒಬ್ಬಳೇ ಹೋಗಿದ್ದಳು. ಮುದಿ ನಾಯಿ ಮಲಗಲಿ ಅಂತ ಬಿಟ್ಟಿರಬೇಕು ಎಂದು ಕತ್ರಿ ಅಂದುಕೊಂಡಿದ್ದ.

ಕತ್ರಿ ಎಂಬುದು ಊರಿನವರು ಇಟ್ಟ ಹೆಸರು. ಮನೆಯ ಮುಂದಿನ ಕೋಣೆಯೇ ಅವನ ಕಟಿಂಗ್ ಶಾಪು. ಒಂದು ಕನ್ನಡಿ, ಒಂದು ತಿರುಗುವ ಕುರ್ಚಿ, ಹಿಂದಿನ ಬಾಗಿಲ ಹೊಸ್ತಿಲಲ್ಲಿ ದೊರೆ. ಗುಬ್ಬಿಯ ತಾಯಿ ತೀರಿಕೊಂಡಾಗ ಮಗುವಿಗೆ ಇನ್ನೂ ಸರಿಯಾಗಿ ಮಾತು ಕೂಡಿರಲಿಲ್ಲ. "ಅಮ್ಮ ದೂರದ ಊರಿಗೆ ಹೋಗಿದ್ದಾಳೆ, ಬರ್ತಾಳೆ" ಎಂದುಬಿಟ್ಟಿದ್ದ. ಮಗು ನಾಯಿಯ ಬೆನ್ನ ಮೇಲೆ ಕೈಯಿಟ್ಟುಕೊಂಡು ಆ ಹೊಸ್ತಿಲಲ್ಲೇ ಕೂತು ಅಂಗಡಿಯಾಚೆ ಕಾಣುವ ಬೀದಿ ನೋಡುತ್ತಿತ್ತು. ಆಮೇಲೊಂದು ದಿನ ಅಮ್ಮ ಎಲ್ಲಿ ಎಂದು ಕೇಳುವುದನ್ನು ನಿಲ್ಲಿಸಿತು. ಮರೆತಿತು ಎಂದು ಕತ್ರಿ ಉಸಿರು ಬಿಟ್ಟಿದ್ದ. ಈಗ ಮತ್ತೆ ಅದೇ ಹೊಸ್ತಿಲು, ಅದೇ ಪ್ರಶ್ನೆ.

ಪಕ್ಕದ ದರ್ಜಿ, ಎದುರಿನ ಚಹಾದಕ್ಕ ಇಬ್ಬರೂ ಬಂದರು. ಮೂವರೂ ಸೇರಿ ಹಿತ್ತಿಲ ಮೂಲೆಯಲ್ಲಿ ಗುಂಡಿ ತೋಡಿ ದೊರೆಯನ್ನು ಮಣ್ಣು ಮಾಡಿದರು. ದರ್ಜಿ ಹೊಸ ಬಿಳಿ ಬಟ್ಟೆ ತಂದಿದ್ದ. ಯಾರದೋ ಅಂಗಿಗೆ ಅಂತ ಇಟ್ಟದ್ದು.

"ಮಗೂಗೆ ನಿಜ ಹೇಳ್ಬಿಡು ತಮ್ಮಾ" ಎಂದಳು ಚಹಾದಕ್ಕ.

"ಆಗಲ್ಲ ಅಕ್ಕ. ನನ್ನ ಕೈಲಿ ಆಗಲ್ಲ."

"ಹಾಗಾದ್ರೆ ಗಿರಣಿ ಹತ್ರ ಒಂದು ಬಿಳಿ ನಾಯಿ ಇದೆ ನೋಡು" ಎಂದ ದರ್ಜಿ. "ಥೇಟ್ ನಮ್ಮ ದೊರೆ. ಒಂದು ಕಿವಿ ಕಪ್ಪಿಲ್ಲ ಅಷ್ಟೆ."

ಕತ್ರಿ ತಲೆಯೆತ್ತಿದ. ಊರಿನ ಅರ್ಧ ಮುದುಕರ ತಲೆಯನ್ನು ಕಪ್ಪು ಮಾಡಿದವನಿಗೆ ಒಂದು ಕಿವಿ ಯಾವ ಲೆಕ್ಕ?

ಹಿಟ್ಟಿನ ಗಿರಣಿಯಲ್ಲಿ ಮನುಷ್ಯರು, ಗೋಡೆ, ಜೇಡರ ಬಲೆ ಎಲ್ಲವೂ ಬಿಳಿ. ನಾಯಿಯನ್ನು ಹೊರಗೆ ತಂದು ಕೊಡವಿದ ಮೇಲೂ ಅದು ಬಿಳಿಯಾಗೇ ಉಳಿದದ್ದು ಪುಣ್ಯ. ಗಿರಣಿಯವನಂತೂ ಹೆಣ್ಣು ಒಪ್ಪಿಸಿಕೊಡುವ ತಂದೆಯಷ್ಟು ಸಂತೋಷಪಟ್ಟ. "ಧಾರಾಳವಾಗಿ ಕರ್ಕೊಂಡು ಹೋಗಿ. ವಾಪಸ್ ಮಾತ್ರ ತರಬೇಡಿ."

ದಾರಿಯಲ್ಲಿ ದರ್ಜಿ ಬಗ್ಗಿ ನೋಡಿ ನಿಂತುಬಿಟ್ಟ. "ಲೋ ಕತ್ರಿ, ಇದು ದೊರೆ ಅಲ್ಲ ಕಣಯ್ಯ, ದೊರೆಸಾನಿ!"

"ಮಗು ಅದೆಲ್ಲ ಎಲ್ಲಿ ನೋಡುತ್ತೆ, ಸುಮ್ನೆ ಬಾ."

ನಾಯಿಯನ್ನು ಕುರ್ಚಿಯ ಮೇಲೆ ಕೂರಿಸಿ ಕೊರಳಿಗೆ ಬಟ್ಟೆ ಕಟ್ಟಿದರು. ಅದು ಗಿರಾಕಿಯ ಹಾಗೆಯೇ ತೆಪ್ಪಗೆ ಕೂತಿತು. ಕತ್ರಿ ಕುರ್ಚಿಯನ್ನು ತನ್ನ ಕಡೆ ತಿರುಗಿಸಿಕೊಂಡು, ಡೈ ಕಲಸಿ, ತನ್ನ ಬಲಗೈ ಕಡೆಗಿದ್ದ ಕಿವಿಗೆ ಬ್ರಷ್ಷಿಟ್ಟ.

"ತಡಿ ತಡಿ" ಎಂದ ದರ್ಜಿ. "ಆ ಕಡೇದಲ್ಲ ಅನ್ಸುತ್ತೆ. ಈ ಕಡೇದು."

"ನನಗೆ ಹೇಳಿಕೊಡ್ತೀಯಾ? ದಿನಾ ಬೆಳಗಿಂದ ಸಂಜೆ ತನಕ ಇದೇ ಕೋಣೇಲಿ ಅದರ ಮುಖ ನೋಡಿದವನು ನಾನು. ನೀನು ಸೂಜಿ ನೋಡು ಹೋಗು."

ಡೈ ಕಿವಿಗಿಂತ ಹೆಚ್ಚಾಗಿ ಕತ್ರಿಯ ಅಂಗಿಗೂ ದರ್ಜಿಯ ಮೂಗಿಗೂ ಹತ್ತಿತು. ಅಂತೂ ಒಂದು ಕಿವಿ ಕಪ್ಪಾಯಿತು. ಗುಂಡಿಯ ಮೇಲೆ ಸೌದೆ ಒಟ್ಟಿ ಮುಚ್ಚಿದ್ದಾಯಿತು.

ಸಂಜೆ ಗುಬ್ಬಿ ಬಂದಳು. ಬೀದಿಯಲ್ಲಿ ಎಲ್ಲರೂ ಏನೂ ಆಗದವರ ಹಾಗೆ ನಿಂತಿದ್ದರು. ಅಷ್ಟು ಜನ ಒಟ್ಟಿಗೆ ಏನೂ ಆಗದವರ ಹಾಗೆ ನಿಂತದ್ದು ಆ ಬೀದಿಯಲ್ಲಿ ಅದೇ ಮೊದಲು. ಹೊಸ್ತಿಲಲ್ಲಿದ್ದ ನಾಯಿಯನ್ನು ನೋಡಿ ಹುಡುಗಿ ನಿಂತಳು. ನಾಯಿಯನ್ನು ನೋಡಿದಳು, ಅಪ್ಪನ ಅಂಗಿ ನೋಡಿದಳು, ದರ್ಜಿಯ ಕಪ್ಪು ಮೂಗು ನೋಡಿದಳು. ಆಮೇಲೆ ಬ್ಯಾಗು ಕೆಳಗಿಟ್ಟು, "ದೊರೇ" ಎಂದು ಅದರ ಕತ್ತು ತಬ್ಬಿಕೊಂಡಳು.

ಚಹಾದಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ದರ್ಜಿ ಕತ್ರಿಯ ಬೆನ್ನು ತಟ್ಟಿದ. ಎಲ್ಲರೂ ಗೆದ್ದವರ ಹಾಗೆ ಮನೆಗೆ ಹೋದರು.

ಕತ್ರಿ ನೆಲದ ಕೂದಲು ಗುಡಿಸುತ್ತಿದ್ದ. ಗುಬ್ಬಿ ಒಳಗಿನಿಂದ ಒಂದು ಹಳೇ ತಟ್ಟೆಯಲ್ಲಿ ನೀರು ತಂದು ನಾಯಿಯ ಮುಂದಿಟ್ಟಳು.

"ತಟ್ಟೆ ಯಾಕಮ್ಮ? ಬಟ್ಟಲು ಹಿತ್ತಿಲಲ್ಲೇ ಇದೆಯಲ್ಲ."

"ಅದು ದೊರೇದು" ಎಂದಳು ಗುಬ್ಬಿ. "ಬೆಳಗ್ಗೆ ನಾನು ತೊಳೆದು ಬೋರಲು ಹಾಕಿದ್ದೆ. ನೀನ್ಯಾಕೆ ಮತ್ತೆ ನೆಟ್ಟಗಿಟ್ಟೆ?"

ಪೊರಕೆ ಅಲ್ಲೇ ನಿಂತಿತು.

"ನಿಂಗೆ ಗೊತ್ತಿತ್ತಾ?"

"ಹೂಂ."

"ನಂಗೆ ಯಾಕೆ ಹೇಳಲಿಲ್ಲ ಮಗಳೇ?"

"ನೀನು ಅಳ್ತೀಯ." ಹುಡುಗಿ ತಟ್ಟೆಯನ್ನು ನಾಯಿಯ ಕಡೆ ಇನ್ನಷ್ಟು ಸರಿಸಿದಳು. "ಅಮ್ಮನ ವಿಷಯಾನೂ ನಾನು ಹೇಳಲಿಲ್ವಲ್ಲ."

ಕತ್ರಿ ಕುರ್ಚಿಯಲ್ಲಿ ಕುಸಿದು ಕೂತ. ಗಿರಾಕಿಗಳಲ್ಲದೆ ತಾನೇ ಅದರಲ್ಲಿ ಕೂತದ್ದು ಯಾವ ಕಾಲಕ್ಕೋ. ಏನಾದರೂ ಹೇಳಬೇಕೆಂದು ಬಾಯಿ ತೆರೆದರೆ ಗಂಟಲಿನಿಂದ ಬೇರೆಯೇ ಸದ್ದು ಬಂತು.

ಗುಬ್ಬಿ ಹತ್ತಿರ ಬಂದು, ಬೀದಿ ಕಡೆ ಮುಖ ಮಾಡಿ, ಅವನ ಮೊಣಕಾಲಿಗೆ ತನ್ನ ಮೈಯ ಭಾರವನ್ನೆಲ್ಲ ಬಿಟ್ಟು ಒರಗಿ ಕೂತಳು. ಮನೆಯಲ್ಲಿ ಯಾರಾದರೂ ಅತ್ತಾಗ ದೊರೆ ಹಾಗೆಯೇ ಬಂದು ಒರಗುತ್ತಿತ್ತು. ಅಳು ನಿಲ್ಲುವ ತನಕ ಏಳುತ್ತಿರಲಿಲ್ಲ. ಅವಳೂ ಏಳಲಿಲ್ಲ.

ಬಹಳ ಹೊತ್ತಾದ ಮೇಲೆ, "ಅಪ್ಪಾ" ಎಂದಳು.

"ಏನಮ್ಮ?"

"ಕಿವಿ ತಪ್ಪಾಗಿದೆ. ದೊರೇಗೆ ಈ ಕಡೇದು ಕಪ್ಪು."

ಕತ್ರಿ ಕಣ್ಣೊರೆಸಿಕೊಂಡು ಕನ್ನಡಿ ನೋಡಿದ. ಅದರೊಳಗೆ, ಹಿಂದಿನ ಹೊಸ್ತಿಲಲ್ಲಿ ಕೂತ ನಾಯಿಯ ಕಪ್ಪು ಕಿವಿ ಎಡಗಡೆಗಿತ್ತು. ದೊರೆಯದು ಯಾವಾಗಲೂ ಅಲ್ಲಿ ಬಲಗಡೆಗೆ ಕಾಣುತ್ತಿತ್ತು. ಇಷ್ಟು ವರ್ಷ ಗಿರಾಕಿಯ ತಲೆಯ ಮೇಲಿಂದ ಅವನು ನೋಡಿದ್ದು ಕನ್ನಡಿಯೊಳಗಿನ ದೊರೆಯನ್ನು. ಈ ಮನೆಯಲ್ಲಿ ಅದನ್ನು ನೇರವಾಗಿ ನೋಡಿದವಳು ಮಗಳೊಬ್ಬಳೇ.

"ಪಾಪ, ದರ್ಜಿ ಆಗಲೇ ಹೇಳಿದ್ದ" ಎಂದು ಗೊಣಗಿದ.

"ಇನ್ನೊಂದು ಅಪ್ಪಾ. ಇದರ ಹೊಟ್ಟೇಲಿ ಮರಿಗಳಿವೆ. ಮುಟ್ಟಿದ್ರೆ ಒದೀತವೆ."

ಗಿರಣಿಯವನ ಸಂತೋಷದ ಅರ್ಥ ಕತ್ರಿಗೆ ಆಗ ಆಯಿತು. ನಗು ಬಂತೋ ಅಳು ಬಂತೋ ಅವನಿಗೇ ತಿಳಿಯಲಿಲ್ಲ. ಕನ್ನಡಿಯಲ್ಲಿ ಮಗಳನ್ನು ಹುಡುಕಿದ. ಅವಳು ಅದಕ್ಕೆ ಎಟುಕುವಷ್ಟು ಎತ್ತರವಿರಲಿಲ್ಲ. ನೋಡಬೇಕಾದರೆ ಅವನೇ ಬಗ್ಗಬೇಕಿತ್ತು.

"ಗುಬ್ಬಿ" ಎಂದ, ಬಗ್ಗಿ. "ಅಮ್ಮ..."

"ಹೇಳು ಅಪ್ಪ" ಎಂದಳು ಗುಬ್ಬಿ.