ಪೊಲೀಸರ ಮುಂದೆ ಒಂದೂವರೆ ಮೈಲಿ

ಶುಕ್ರವಾರದ ಬೆಳಗು ನಮ್ಮ ಮನೆಯಲ್ಲಿ ಒಂದೇ ಕ್ರಮದಲ್ಲಿ ನಡೆಯುತ್ತದೆ. ಆರೂವರೆಗೆ ಕಾಫಿ, ಏಳಕ್ಕೆ ಮಗಳು ಮೇಘಾಳ ಡಬ್ಬಿಗೆ ಚಪಾತಿ ಜ್ಯಾಮು, ಆಮೇಲೆ ಸ್ನಾನ, ಸೀರೆ, ದೇವರಿಗೆ ದೀಪ. ಉಳಿದ ದಿನ ಏನೇ ಹಾಕಿಕೊಂಡರೂ ಶುಕ್ರವಾರ ಮಾತ್ರ ಸೀರೆಯೇ. ಎಂಟಕ್ಕೆ ಹತ್ತು ನಿಮಿಷವಿದ್ದಾಗ ಹಳದಿ ಸ್ಕೂಲ್ ಬಸ್ಸು ನಮ್ಮ ತಿರುವಿಗೆ ಬರುತ್ತದೆ. ಆ ದಿನವೂ ಸರಿಯಾದ ಸಮಯಕ್ಕೆ ಬಂತು, ಹೋಯಿತು. ಮೇಘಾ ಮಾತ್ರ ಹತ್ತಲಿಲ್ಲ. ಮಗಳು ಎದ್ದದ್ದು ತಡವಾಯಿತೆಂದು ಅವಳ ಟೀಚರಿಗೆ ಚೀಟಿ ಬರೆದೆ. ನಿಮ್ಮ ಹತ್ತಿರ ಸುಳ್ಳು ಹೇಳಲಾರೆ. ಬೂಟು ಹಾಕಿ, ಬ್ಯಾಗು ಏರಿಸಿ ಬಾಗಿಲಲ್ಲಿ ನಿಂತಿದ್ದ ಎಂಟು ವರ್ಷದ ಹುಡುಗಿಗೆ "ಇನ್ನೊಂದೇ ಒಂದು ರೇಸ್ ಕಣೇ" ಎಂದು ಹೇಳಿ ಟಿವಿ ಮುಂದೆ ಕೂತವಳು ನಾನೇ.

ಈ ರೇಸಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮವರ ಆಫೀಸಿನವರೊಬ್ಬರು ನಾವಿರುವ ಈ ಸೆಂಟರ್‌ವಿಲ್ ಊರು ಬಿಟ್ಟು ಹೋಗುವಾಗ ಮಗುವಿಗೆಂದು ಒಂದು ಗೇಮ್ ಪೆಟ್ಟಿಗೆ ಕೊಟ್ಟುಹೋಗಿದ್ದರು. ಅದರಲ್ಲಿ ಒಂದು ಕಾರಿನ ಆಟ. ನಾವು ಕೆಂಪು ಕಾರಿನಲ್ಲಿ ಓಡಬೇಕು, ಪೊಲೀಸರು ಅಟ್ಟಿಸಿಕೊಂಡು ಬರುತ್ತಾರೆ, ಅವರ ಕೈಗೆ ಸಿಗದೆ ಊರು ದಾಟಬೇಕು. ನಾನು ಅದನ್ನು ಮುಟ್ಟಿದ್ದು ಡ್ರೈವಿಂಗ್ ಕಲಿಯುವ ಸಂಕಟದಲ್ಲಿ. ಈ ದೇಶಕ್ಕೆ ಬಂದು ಒಂಬತ್ತು ವರ್ಷ, ಒಂದು ಹಿಡಿ ಕೊತ್ತಂಬರಿ ಬೇಕಾದರೂ ಶನಿವಾರ ಬರಬೇಕು, ಯಜಮಾನರು ಬರಬೇಕು. ಅವರು ಕಲಿಸಿದರು, ಇಲ್ಲವೆನ್ನಲಾರೆ. ಆದರೆ ಪಕ್ಕದ ಸೀಟಿನಲ್ಲಿ ಕೂತು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಿದ್ದರು. ಅವರ ಕಾಲು ಒತ್ತಿದಾಗಲೆಲ್ಲ ನಾನು ನಿಜವಾದ ಬ್ರೇಕ್ ತುಳಿದು ಕಾರನ್ನು ನಡುರಸ್ತೆಯಲ್ಲೇ ನಿಲ್ಲಿಸಿಬಿಡುತ್ತಿದ್ದೆ. ಆಟದ ಕಾರು ಹಾಗಲ್ಲ. ಕಂಬಕ್ಕೆ ಗುದ್ದಿ ಎರಡು ಪಲ್ಟಿ ಹೊಡೆದರೂ ತಾನಾಗಿ ಎದ್ದು ಬಂದು ರಸ್ತೆಯ ಮಧ್ಯೆ ನಿಲ್ಲುತ್ತದೆ. ತಲೆ ಎಲ್ಲಿಟ್ಟಿದ್ದೆ ಎಂದು ಯಾರೂ ಕೇಳುವುದಿಲ್ಲ. ಒಂದು ಶಾಯಿಯ ಕಲೆಗೆ ಅರ್ಧ ದಿನ ಬೆಂಚಿನ ಮೇಲೆ ನಿಂತ ನನ್ನಂಥ ಕಾನ್ವೆಂಟಿನ ಹುಡುಗಿಗೆ ಅದೆಷ್ಟು ದೊಡ್ಡ ಉಪಕಾರ ಎಂಬುದು, ಬೆಂಚಿನ ಮೇಲೆ ನಿಂತವರಿಗೇ ಗೊತ್ತು. ಮೂರು ವಾರದ ಹಿಂದೆ ನನಗೆ ಲೈಸೆನ್ಸ್ ಸಿಕ್ಕಿದ್ದರೆ ಅದರಲ್ಲಿ ಅರ್ಧ ಪಾಲು ಆ ಪೆಟ್ಟಿಗೆಯದು.

ಒಂದೇ ಕೊರತೆ. ಹಿಂದಿನಿಂದ ಪೊಲೀಸ್ ಕಾರು ಕಂಡ ಕೂಡಲೇ ನಾನು ಆಟದಲ್ಲೂ ಬಲಕ್ಕೆ ಸರಿದು ನಿಂತುಬಿಡುತ್ತೇನೆ.

"ಅಮ್ಮಾ, ನೀನು ಸ್ಟಾಪ್ ಮಾಡಬಾರ್ದು. ದಟ್ಸ್ ದ ಹೋಲ್ ಗೇಮ್."

"ಪೊಲೀಸಿನವರು ಕರೀತಿದ್ದಾರಲ್ಲೇ."

"ದೇ ಆರ್ ನಾಟ್ ಕಾಲಿಂಗ್ ಯೂ, ದೇ ಆರ್ ಚೇಸಿಂಗ್ ಯೂ. ಅವ್ರು ಬಂದ್ರೆ ಓಡು, ಓಕೆ?"

ಆಗಲಿ ಎಂದು ತಲೆಯಾಡಿಸುತ್ತೇನೆ, ಮತ್ತೆ ನಿಲ್ಲುತ್ತೇನೆ.

ಸರಿ, ಬಸ್ಸು ಹೋಯಿತು. ಯಜಮಾನರು ಆಫೀಸ್ ಕೆಲಸಕ್ಕೆಂದು ಸ್ನೇಹಿತರ ಕಾರಿನಲ್ಲಿ ನಾರ್ತ್ ಕ್ಯಾರೊಲೈನಾಗೆ ಹೋಗಿದ್ದರು. ಹೋಗುವಾಗ "ಒಬ್ಬಳೇ ದೊಡ್ಡ ರೋಡಿಗೆ ಹೋಗ್ಬೇಡ. ಏನಾದ್ರೂ ಆಗಿ ಲೈಸೆನ್ಸ್ ಹೋದ್ರೆ ಮತ್ತೆ ಒಂಬತ್ತು ವರ್ಷ" ಎಂದಿದ್ದರು. ನಗುತ್ತಾ ಹೇಳಿದ್ದರು, ಆದರೆ ನನ್ನ ಎದೆಯಲ್ಲಿ ಅದು ನಗುವಾಗಿ ಉಳಿಯಲಿಲ್ಲ. ಆದರೂ ಮಗಳನ್ನು ಹಿಂದೆ ಕೂರಿಸಿ, ಬೆಲ್ಟ್ ಎರಡು ಸಲ ನೋಡಿ, ಗಂಟೆಗೆ ಇಪ್ಪತ್ತು ಮೈಲಿಯಂತೆ ಹೊರಟೆ. ರಾತ್ರಿ ಮಳೆ ಬಿದ್ದು ರಸ್ತೆಯ ಅಂಚಿನಲ್ಲಿ ನೀರು ನಿಂತಿತ್ತು. ಮೇಪಲ್ ಎಲೆಗಳು ಒದ್ದೆಯಾಗಿ ಗಾಜಿಗೆ ಅಂಟುತ್ತಿದ್ದವು. ಚೆಂದವಾಗಿದೆ ಎಂದುಕೊಳ್ಳುವಷ್ಟರಲ್ಲಿ ಕನ್ನಡಿಯಲ್ಲಿ ಕೆಂಪು ನೀಲಿ ದೀಪಗಳು.

ನಿಲ್ಲಿಸಬೇಕು. ಅದೇನು ನನಗೆ ತಿಳಿಯದ್ದಲ್ಲ. ಬಲಕ್ಕೆ ಸಿಗ್ನಲ್ ಹಾಕಿದೆ. ಅಷ್ಟರಲ್ಲಿ ಬಲಗಡೆ ಒಂದು ಬೋರ್ಡು: ನೋ ಸ್ಟಾಪಿಂಗ್. ಮುಂದೆ ಹೋದೆ. ಮತ್ತೊಂದು ಬೋರ್ಡು, ಅದೇ ಮಾತು. ಅದರಾಚೆ ಇನ್ನೊಂದು. ಬರೆದಿಟ್ಟ ಮಾತನ್ನು ಮೀರಬಾರದೆಂದು ಕಾನ್ವೆಂಟಿನಲ್ಲಿ ಹತ್ತು ವರ್ಷ ಕಲಿತವಳು, ಪೊಲೀಸರ ಕಣ್ಣೆದುರಿಗೇ ಹೇಗೆ ಮೀರಲಿ? ಸಿಗ್ನಲ್ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಒಂದೇ ಲೇನಿನ ರಸ್ತೆ. ಪೊಲೀಸ್ ಕಾರಿನ ಹಿಂದೆ ಕಾರುಗಳ ಸಾಲು ಬೆಳೆಯುತ್ತಲೇ ಇತ್ತು.

ಹಿಂದಿನ ಸೀಟಿನಿಂದ ಮೆಚ್ಚುಗೆಯ ಪಿಸುದನಿ ಬಂತು. "ಅಮ್ಮಾ, ಯು ಆರ್ ಡೂಯಿಂಗ್ ಇಟ್."

ಕೊನೆಗೆ ಒಂದು ದಿನಸಿ ಅಂಗಡಿಯ ಪಾರ್ಕಿಂಗ್ ಸಿಕ್ಕಿತು. ಎರಡು ಬಿಳಿ ಗೆರೆಗಳ ನಡುವೆ ನೇರವಾಗಿ ನಿಲ್ಲಿಸಿ, ಕಿಟಕಿ ಇಳಿಸಿ, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವಳಂತೆ ಕೂತೆ. ಬಂದವರು ದಪ್ಪ ಮೀಸೆಯ, ಎತ್ತರದ ಆಫೀಸರ್.

"ಮೇಡಮ್, ಒಂದೂವರೆ ಮೈಲಿಯಿಂದ ನಿಮ್ಮ ಹಿಂದೆ ಬರ್ತಿದ್ದೀನಿ. ಗೊತ್ತಾಗಲಿಲ್ವಾ?" ಇಂಗ್ಲಿಷಿನಲ್ಲೇ ಕೇಳಿದರೂ ನನಗೆ ನೆನಪಿರುವುದು ಕನ್ನಡದಲ್ಲಿ.

"ಗೊತ್ತಾಯ್ತು, ಆಫೀಸರ್."

"ಮತ್ತೆ ಯಾಕೆ ನಿಲ್ಲಿಸಲಿಲ್ಲ?"

"ನಿಲ್ಲಿಸಬಾರದು ಅಂತ ಬೋರ್ಡ್ ಇತ್ತು."

ಅವರು ತಿರುಗಿ ಬಂದ ರಸ್ತೆಯನ್ನೊಮ್ಮೆ ನೋಡಿದರು. ಅಷ್ಟರಲ್ಲಿ ನನ್ನ ಮಗಳು ಅಮ್ಮನ ಪರ ಸಾಕ್ಷಿ ಹೇಳಿದಳು. "ಅಮ್ಮ ಯಾವಾಗಲೂ ನಿಂತುಬಿಡ್ತಾಳೆ, ಆಫೀಸರ್. ಪೊಲೀಸ್ ಬಂದರೆ ಓಡಬೇಕು ಅಂತ ನಾನೇ ದಿನಾ ಹೇಳಿಕೊಡೋದು. ಇವತ್ತೇ ಮೊದಲ ಸಲ ಸರಿಯಾಗಿ ಮಾಡಿದ್ದು."

ಆಗಲೇ ಕೊಟ್ಟಿದ್ದ ನನ್ನ ಲೈಸೆನ್ಸ್ ಅವರ ಕೈಯಲ್ಲಿತ್ತು. "ಗೇಮಿನಲ್ಲಿ" ಎಂದೆ. "ಟಿವಿ ಗೇಮಿನಲ್ಲಿ."

"ಪೊಲೀಸರು ಅಟ್ಟಿಸಿಕೊಂಡು ಬರೋದು? ಯಾವ ಕಾರು ತಗೋತೀರಿ?"

"ಕೆಂಪು."

"ನೀಲಿ ತಗೊಳ್ಳಿ" ಎಂದರು, ಬಹಳ ಗಂಭೀರವಾಗಿ. "ತಿರುವಿನಲ್ಲಿ ಜಾರಲ್ಲ."

ಆಮೇಲೆ ಬಗ್ಗಿ, ನನ್ನ ಬಾಗಿಲಿನ ಕೆಳಗಿನಿಂದ ಏನನ್ನೋ ಎತ್ತಿದರು. ನನ್ನ ಸೆರಗು. ಎಡ ಹೆಗಲಿನ ಸೆರಗು ನಮ್ಮೂರಿನ ಕಾರಿನಲ್ಲಿ ಒಳಗಡೆ ಬೀಳುತ್ತದೆ. ಇಲ್ಲಿ ಡ್ರೈವರ್ ಕೂರುವುದೇ ಎಡಕ್ಕೆ, ಅದು ನೇರವಾಗಿ ಬಾಗಿಲಿಗೆ ಸಿಗುತ್ತದೆ. ಒಂದು ಗೇಣು ರೇಷ್ಮೆ ಮನೆಯಿಂದ ಇಲ್ಲಿಯವರೆಗೂ ರಸ್ತೆ ಗುಡಿಸಿಕೊಂಡು ಬಂದಿತ್ತು. ಚಕ್ರಕ್ಕೆ ಸುತ್ತಿಕೊಂಡೀತೆಂದು ಹೆದರಿ ಹಿಂದೆ ಬಂದರಂತೆ, ಅಷ್ಟೇ. ಬಾಗಿಲು ತೆರೆದು, ತುದಿಯ ಕೊಳೆನೀರನ್ನು ತಾವೇ ಹಿಂಡಿ, ಮಡಿಸಿ ನನ್ನ ಕೈಗಿತ್ತರು. ಅದರ ಮೇಲೆ ಲೈಸೆನ್ಸ್ ಇಟ್ಟರು. "ಇನ್ನು ಮುಂದೆ ಹಿಂದೆ ದೀಪ ಕಂಡರೆ, ಬೋರ್ಡ್ ಏನೇ ಹೇಳಲಿ, ನಿಲ್ಲಿಸಿ." ಥ್ಯಾಂಕ್ಯೂ ಎಂದೆ, ಎರಡು ಸಲ. ಒಂಬತ್ತು ವರ್ಷದ ಶನಿವಾರಗಳು ಆ ಚಿಕ್ಕ ಕಾರ್ಡಿನ ಮೇಲೆ ಕೂತಿದ್ದವು ಎಂದು ಅವರಿಗೆ ಹೇಗೆ ಗೊತ್ತಾಗಬೇಕು.

ಸಂಜೆ ಸೀರೆಯನ್ನು ಬಾಲ್ದಿಯಲ್ಲಿ ನೆನೆಹಾಕಿ, ದೇವರ ಮುಂದೆ ಆ ಹೆಸರು ತಿಳಿಯದ ಆಫೀಸರಿಗೊಂದು, ಗೇಮ್ ಪೆಟ್ಟಿಗೆಗೊಂದು ನಮಸ್ಕಾರ ಸಲ್ಲಿಸಿದೆ. ಯಜಮಾನರ ಫೋನಿಗೆ "ಎಲ್ಲ ಚೆನ್ನಾಗಿದೆ" ಎಂದೆ. ಇನ್ನು ಈ ಸಂಗತಿ ನನ್ನ, ಮಗಳ ಹಾಗೂ ಪೊಲೀಸರ ನಡುವೆಯೇ ಉಳಿಯಿತೆಂದು ನಿಶ್ಚಿಂತೆಯಿಂದ ಇರುವಾಗ ಪಕ್ಕದ ಮನೆಯ ಗಿರಿಜಕ್ಕ ಬಂದರು. ಧಾರವಾಡದವರು, ಡಾಕ್ಟರ ಹೆಂಡತಿ. ಒಯ್ದಿದ್ದ ಪಾತ್ರೆ ವಾಪಸು ಕೊಟ್ಟು ಬಾಗಿಲಲ್ಲೇ ನಿಂತರು.

"ಮುಂಜಾನೆ ನನಗ ಕ್ಲಾಸಿಗೆ ಭಾಳ ಲೇಟಾತು ನೋಡ್ರಿ. ಮುಂದ ಯಾರದೋ ಫ್ಯೂನರಲ್ ಹೊಂಟಿತ್ತು. ಪೊಲೀಸ್ ಗಾಡಿ ಲೈಟ್ ಹಚ್ಚಿತ್ತು, ಅದರ ಮುಂದಿನ ಕಾರು ಏನ್ ನಿಧಾನ ಅಂತೀರಿ. ಇಲ್ಲೆ ಹೆಣದ ಗಾಡಿ ದಾಟಿ ಹೋಗಬಾರದಂತ ನಾವೂ ಇಪ್ಪತ್ತು ಮಂದಿ ಹೆಡ್‌ಲೈಟ್ ಹಚ್ಚಿ ಹಿಂದ ಹೊಂಟ್ವಿ. ಯಾರೋ ಏನೋ ಪಾಪ, ನಾನೂ ಕುಂತಲ್ಲೇ ಒಂದು ಕೈ ಮುಗದೆ."