ಜವಾರಿ ಜಕ್ಕಪ್ಪ ಕಲಿಸಿದ ಒಡಪು

ಚಿಂತೆ ಮಾಡುವುದರಲ್ಲಿ ನನ್ನ ಕೈ ಬಹಳ ಪಳಗಿದೆ. ಮನೆಯಿಂದ ಹೊರಟು ಓಣಿ ದಾಟುವಷ್ಟರಲ್ಲಿ ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಹಿಂದಕ್ಕೆ ಬರುತ್ತೇನೆ. ನೋಡಿ ಮತ್ತೆ ಹೊರಟರೆ, ಕೀಲಿ ಹಾಕಿದೆನೋ ಇಲ್ಲವೋ ಎಂಬುದು ಶುರುವಾಗುತ್ತದೆ. ಮೋಡವಾದರೆ ನೆಗಡಿಯ ಚಿಂತೆ, ಆಗದಿದ್ದರೆ ನೀರಿನ ಚಿಂತೆ. ಕಚೇರಿಯಲ್ಲಿ ಸಾಹೇಬರು ಗಂಟುಮೋರೆ ಹಾಕಿದರೆ ಕೆಲಸದ ಚಿಂತೆ, ನಕ್ಕು ಮಾತಾಡಿಸಿದರೆ ವರ್ಗಾವಣೆಯ ಚಿಂತೆ. "ಚಿಂತಿ ಇಲ್ಲಂದ್ರ ಯಾಕಿಲ್ಲ ಅಂತ ಚಿಂತಿ ಮಾಡತೀರಿ ನೀವು" ಎನ್ನುತ್ತಾಳೆ ನನ್ನ ಹೆಂಡತಿ ಶಾಂತಾ. ಇಂಥ ನಾನು ಇಡೀ ಸಂಸಾರದಲ್ಲಿ ಒಂದೇ ಒಂದು ವಿಷಯಕ್ಕೆ ಎಳ್ಳಷ್ಟೂ ಚಿಂತಿಸದೆ ನಿಶ್ಚಿಂತನಾಗಿದ್ದೆ. ಅದು ನನ್ನ ಒಡಪು. ಚಿಂತಿಸಬೇಕಾಗಿದ್ದದ್ದು ಅದೊಂದಕ್ಕೇ ಎಂಬುದು ಹೋದ ತಿಂಗಳು ಗೊತ್ತಾಯಿತು.

ನಮ್ಮ ಕಡೆ ಮದುವೆ, ತೊಟ್ಟಿಲು, ಮನೆ ಪ್ರವೇಶ ಏನೇ ಇರಲಿ, ಗಂಡ ಹೆಂಡತಿ ಒಬ್ಬರ ಹೆಸರನ್ನೊಬ್ಬರು ಬರಿದೇ ಹೇಳಿದರೆ ನಡೆಯುವುದಿಲ್ಲ. ಬಂಧುಗಳು ಹೊಸ್ತಿಲಿಗೆ ಅಡ್ಡ ನಿಲ್ಲುತ್ತಾರೆ. ಪ್ರಾಸ ಕೂಡಿಸಿ, ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಿದರೆ ಮಾತ್ರ ಒಳಗೆ ಬಿಡುತ್ತಾರೆ. ಅದೇ ಒಡಪು. ಹೆಣ್ಣುಮಕ್ಕಳಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ಗಂಡಸರು ಬೆವರುತ್ತಾರೆ. ನಾನು ಬೆವರಲಿಲ್ಲ, ಏಕೆಂದರೆ ನನ್ನ ಹತ್ತಿರ ಜವಾರಿ ಜಕ್ಕಪ್ಪ ಇದ್ದ.

ಜಕ್ಕಪ್ಪ ನಮ್ಮ ಹರೆಯದ ಕಾಲದ ಹಾಡುಗಾರ. ಹಳ್ಳಿಯ ಹಾಡಿಗೆ ಕೀಬೋರ್ಡು, ಡ್ರಮ್ಮು ಸೇರಿಸಿ ಕುಣಿಸುತ್ತಿದ್ದ. ಬಿಜ್ಜರಗಿಯವನಾದ ನಾನು ಕಾಲೇಜಿಗೆಂದು ದಿನಾ ತಿಕೋಟಾ ಮೇಲೆ ಹಾಯ್ದು ವಿಜಯಪುರಕ್ಕೆ ಬರುತ್ತಿದ್ದೆ. ಬರುತ್ತಿದ್ದದ್ದು ದಸ್ತಗೀರಣ್ಣನ ಜೀಪಿನಲ್ಲಿ. ಒಳಗೆ ಕೂತವರಿಗಿಂತ ಹೊರಗೆ ಜೋತುಬಿದ್ದವರೇ ಹೆಚ್ಚಿರುತ್ತಿದ್ದ ಆ ಜೀಪಿನಲ್ಲಿ ಇದ್ದದ್ದು ಒಂದೇ ಕ್ಯಾಸೆಟ್ಟು, ಜಕ್ಕಪ್ಪನದು. ತೊರವಿ ಬರುವಷ್ಟರಲ್ಲಿ ಒಂದು ಮಗ್ಗಲು ಮುಗಿಯುತ್ತಿತ್ತು. ಅದರಲ್ಲಿ ಅಳಿಯನೊಬ್ಬ ಅತ್ತೆಯ ಮನೆಗೆ ಬಂದು ಹಾಡುವ ಹಾಡೊಂದಿತ್ತು. "ಬೆಳ್ಳಿ ಬಟ್ಟಲದಾಗ ಬೆಲ್ಲದ ಹಾಲ" ಎಂದು ಎತ್ತಿದ ಕೂಡಲೇ ಎಲ್ಲಿಂದಲೋ 'ಕಿರ್ರ್' ಎಂದು ಒಂದು ಸದ್ದು, ಹಿಂದೆಯೇ "ಸನೇಕ ಹ್ವಾದರ ಬೀಸತೈತಿ ಕಾಲ" ಎಂಬ ಸಾಲು. ಹುಡುಗಿಯ ಹತ್ತಿರ ಹೋದರೆ ಕಾಲು ಬೀಸಿ ಒದೆಯುತ್ತಾಳೆ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಜನಪದದಲ್ಲಿ ಅದೂ ಒಂದು ಶೃಂಗಾರವಿರಬೇಕು ಎಂದುಕೊಂಡಿದ್ದೆ. ಆ 'ಕಿರ್ರ್' ಕೂಡ ಹಾಡಿನದೇ ಭಾಗವೆಂದು ಜೀಪಿನವರೆಲ್ಲ ಸೇರಿ ಕೋರಸ್ಸಿನಲ್ಲಿ ಕಿರ್ರ್ ಎನ್ನುತ್ತಿದ್ದೆವು.

ಶಾಂತಾಳ ಊರು ಬಬಲೇಶ್ವರದಲ್ಲಿ ನನ್ನ ಮದುವೆಯಾದ ದಿನ ಒಡಪಿಗಾಗಿ ತಡೆದು ನಿಲ್ಲಿಸಿದಾಗ ಎದೆಯುಬ್ಬಿಸಿ ಹೇಳಿದೆ: "ಬೆಳ್ಳಿ ಬಟ್ಟಲದಾಗ ಬೆಲ್ಲದ ಹಾಲ, ನಮ್ಮ ಶಾಂತಾ ಸನೇಕ ಹ್ವಾದರ ಬೀಸತೈತಿ ಕಾಲ." ಚಪ್ಪರವೇ ಹಾರಿಹೋಗುವಂತೆ ನಕ್ಕರು. ಮಾವನವರು ಕಣ್ಣೊರೆಸಿಕೊಂಡರು. ಕಲಾವಿದನಿಗೆ ಇನ್ನೇನು ಬೇಕು? ಅಂದಿನಿಂದ ಆ ಊರಿನಲ್ಲಿ ಯಾರ ಮನೆಯ ಕಾರ್ಯವಾದರೂ ನನ್ನ ಒಡಪು ಇಲ್ಲದೆ ಆರತಿ ಏಳುವುದಿಲ್ಲ. ನಾಲ್ಕು ಜನರೆದುರು ಹೆಸರು ಕೇಳಿದರೂ ತೊದಲುವ ನಾನು, ಅಲ್ಲಿ ಮಾತ್ರ ಹುಲಿ.

ಹೋದ ತಿಂಗಳು ಶಾಂತಾಳ ತಮ್ಮ ಪರಶುವಿನ ಮಗಳ ಮದುವೆಗೆ ಸೀರೆ ಕೊಳ್ಳಲು ನಾವಿರುವ ವಿಜಯಪುರದ ಗಾಂಧಿ ಚೌಕಕ್ಕೆ ಹೋದೆವು. ಅವಳು ಅಂಗಡಿಯೊಳಗೆ ಹೋದಳು. ಸ್ಕೂಟರನ್ನು ಯಾರಾದರೂ ಎತ್ತಿಕೊಂಡು ಹೋದಾರೆಂಬ ಚಿಂತೆಯಿಂದ ನಾನು ಅದರ ಮೇಲೆಯೇ ಕೂತೆ. ಆಗಲೇ ಪರಶು ಫೋನು ಮಾಡಿದ. "ಮಾಮಾ, ಅರಿಷಿಣದ ದಿನ ಒಡಪಾ ತಯಾರ ಇರ್ಲಿ ನೋಡ್ರಿ. ಬೀಗರ ಮುಂದ ನಮ್ಮ ಮಾನ ನಿಮ್ಮ ಕೈಯಾಗ ಐತಿ." ಬೀಗರೆಂದ ಮೇಲೆ ಸ್ವಲ್ಪ ಅಭ್ಯಾಸವಿರಲೆಂದು ಮೊಬೈಲಿನಲ್ಲಿ ಹುಡುಕಿದೆ. ಯಾವನೋ ಪುಣ್ಯಾತ್ಮ ಜಕ್ಕಪ್ಪನ ಹಾಡುಗಳನ್ನೆಲ್ಲ ಆರಿಸಿ, ತೊಳೆದು ಒರೆಸಿದಂತೆ ಸ್ವಚ್ಛಮಾಡಿ ಏರಿಸಿದ್ದ. ಕಿವಿಗೆ ಸಿಕ್ಕಿಸಿಕೊಂಡೆ. ಏನು ಹೇಳಲಿ, ಕೀಬೋರ್ಡು ಶುರುವಾದದ್ದೇ ತಡ, ತಲೆಯ ಮೇಲೆ ಕೂದಲು ಬಂದಂತಾಯಿತು. ಮೂಗಿಗೆ ಡೀಸೆಲ್ ವಾಸನೆ, ಮೊಣಕಾಲಿಗೆ ಯಾರದೋ ದ್ರಾಕ್ಷಿ ಬುಟ್ಟಿ ಒತ್ತಿದಂತೆ. ಸ್ಕೂಟರಿನ ಮೇಲೆ ಕೂತಲ್ಲೇ ಕುಣಿಯತೊಡಗಿದೆ. ಆಟೋದವನೊಬ್ಬ "ಕಾಕಾ, ಸ್ಟ್ಯಾಂಡ್ ಮುರೀತೈತಿ" ಎಂದು ಎಚ್ಚರಿಸಿ ಹೋದ. ಬೆಳ್ಳಿ ಬಟ್ಟಲು ಬಂತು. ನಾನು ರಸ್ತೆಯಲ್ಲೇ "ಕಿರ್ರ್" ಎಂದೆ. ಜಕ್ಕಪ್ಪ ಅನ್ನಲಿಲ್ಲ. ಅವನು ಹಾಡಿದ್ದು ಹೀಗೆ:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಹಾಲ,
ನನ್ನ ಚೆಲುವಿ ನಕ್ಕರ ಬೆಳದಿಂಗಳ ಸಾಲ.
ಅತ್ತಿಮನಿ ಎಮ್ಮಿಗಿ ಗೇಣುದ್ದ ಬಾಲ,
ಸನೇಕ ಹ್ವಾದರ ಬೀಸತೈತಿ ಕಾಲ."

ದಸ್ತಗೀರಣ್ಣನ ಪ್ಲೇಯರು ಯಾವಾಗಲೋ ಟೇಪು ನುಂಗಿತ್ತು. ಅವನು ಮುದ್ದೆಯಾದಷ್ಟನ್ನು ಕತ್ತರಿಸಿ ಉಳಿದದ್ದನ್ನು ಅಂಟಿಸಿದ್ದ. ಆ 'ಕಿರ್ರ್' ಬರುತ್ತಿದ್ದದ್ದು ಆ ಅಂಟಿನಿಂದ ಎಂಬುದು ಈಗ ಹೊಳೆಯಿತು. ನಡುವಿನ ಎರಡು ಸಾಲು ಹೋಗಿದ್ದವು. ರಾಗಕ್ಕೆ ಕುಂದಿಲ್ಲ, ಪ್ರಾಸಕ್ಕೆ ಕುಂದಿಲ್ಲ, ಯಾರಿಗೂ ಅನುಮಾನವಿಲ್ಲ. ಆದರೆ ಹುಡುಗಿ ಹೋಗಿ ಎಮ್ಮೆ ಉಳಿದಿತ್ತು. ನಾನು ಆ ಅರ್ಧ ಹಾಡು ಹಿಡಿದುಕೊಂಡು ಹೋಗಿ, ಹೆಂಡತಿಯ ತವರುಮನೆಯ ಹೊಸ್ತಿಲಲ್ಲಿ ನಿಂತು, ಅವಳನ್ನು ಎಮ್ಮೆ ಎಂದಿದ್ದೆ. ಒಂದು ಸಲವಲ್ಲ, ಕರೆದಾಗಲೆಲ್ಲ. ಅಷ್ಟರಲ್ಲಿ ಶಾಂತಾ ಚೀಲ ಹಿಡಿದು ಅಂಗಡಿಯಿಂದ ಹೊರಬಂದಳು. "ಯಾಕ, ಮಾರಿ ಹಿಂಗ್ಯಾಕ ಆಗೈತಿ? ಸೀರಿ ರೇಟ್ ಇನ್ನಾ ನಾನು ಹೇಳೇ ಇಲ್ಲಲ್ಲ?"

ಅವಳಿಗೆ ಗೊತ್ತಿದೆಯೋ ಇಲ್ಲವೋ? ಇಷ್ಟು ವರ್ಷ ನುಂಗಿಕೊಂಡು ಕೂತಿದ್ದಾಳೋ? ನನಗೆ ಊಟ ಸೇರಲಿಲ್ಲ. ಉಪಾಯವಾಗಿ ಕೇಳಿ ನೋಡೋಣವೆಂದು ಒಂದು ಬೆಳಿಗ್ಗೆ, "ಶಾಂತಾ, ಎಮ್ಮಿ ಅಂದ್ರ ನಿನಗ ಹೆಂಗ ಅನಸ್ತೈತಿ?" ಎಂದೆ.

"ಹಾಲ ಕೊಡತೈತಿ ಅನಸ್ತೈತಿ. ಯಾಕ, ತಂದ ಕಟ್ಟಾವ್ರೇನು ಎರಡನೇ ಅಂತಸ್ತಿನ್ಯಾಗ?" ಎಂದು ಚಹಾ ಸೋಸಿದಳು. ಇದರಿಂದ ಏನೂ ತಿಳಿಯಲಿಲ್ಲ. ಕೊನೆಗೆ ನಾನೇ ನಿರ್ಧರಿಸಿದೆ: ಈ ಸಲ ಸರಿಯಾದದ್ದನ್ನೇ ಹೇಳುವುದು.

ಅರಿಷಿಣದ ದಿನ ಬಬಲೇಶ್ವರದ ಮಾವನವರ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. "ಮಾಮಾರ ಒಡಪಾ, ಮಾಮಾರ ಒಡಪಾ" ಎಂದು ಪರಶು ಬೀಗರನ್ನು ಮುಂದೆ ಕೂರಿಸಿದ. ಎಲ್ಲರೂ ನಗಲು ಬಾಯಿ ಅರ್ಧ ತೆರೆದುಕೊಂಡೇ ಕೂತಿದ್ದರು. ನಾನು ಗಂಟಲು ಸರಿಮಾಡಿಕೊಂಡು ಹೇಳಿದೆ: "ಬೆಳ್ಳಿ ಬಟ್ಟಲದಾಗ ಬೆಲ್ಲದ ಹಾಲ, ನಮ್ಮ ಶಾಂತಾ ನಕ್ಕರ ಬೆಳದಿಂಗಳ ಸಾಲ."

ಯಾರೂ ನಗಲಿಲ್ಲ. ತೆರೆದ ಬಾಯಿಗಳು ಹಾಗೆಯೇ ಮುಚ್ಚಿಕೊಂಡವು. ಶಾಂತಾಳ ಮುದಿ ಚಿಗವ್ವ ಮಾತ್ರ ಕಾಳಜಿಯಿಂದ, "ಯಾಕ ಅಳಿಯಂದ್ರ, ಆರಾಮಿಲ್ಲೇನು? ಮೊದಲಿಂದ ಚಲೋ ಇತ್ತಲ್ಲ" ಎಂದಳು. ಆಗ ಶಾಂತಾ ಸೆರಗು ಸರಿಪಡಿಸಿಕೊಂಡು ಎದ್ದು ನಿಂತಳು. ನನ್ನ ಕಡೆ ನೋಡಲೂ ಇಲ್ಲ, ಬೀಗರ ಕಡೆ ತಿರುಗಿ ಹೇಳಿದಳು: "ಅತ್ತಿಮನಿ ಎಮ್ಮಿಗಿ ಗೇಣುದ್ದ ಬಾಲ, ಶ್ರೀಶೈಲ ರಾಯರಿಗಿ ತಿಳಿಯಾಕ ಹಿಡೀತು ಇಷ್ಟು ಕಾಲ."

ಪಡಸಾಲೆಗೆ ಪಡಸಾಲೆಯೇ ನಕ್ಕು ಬಿದ್ದುಹೋಯಿತು. ಬೀಗರು ಅರಿಷಿಣದ ಕೈಯಲ್ಲೇ ಚಪ್ಪಾಳೆ ತಟ್ಟಿ ಪಕ್ಕದವರ ಅಂಗಿಯನ್ನೆಲ್ಲ ಹಳದಿ ಮಾಡಿದರು. ನನಗೂ ನಗು ತಡೆಯಲಿಲ್ಲ. ಅಷ್ಟು ದಿನದ ಭಾರ ಇಳಿದಂತಾಗಿ ಎಲ್ಲರಿಗಿಂತ ಜೋರಾಗಿ ನಕ್ಕೆ.

ವಿಜಯಪುರಕ್ಕೆ ಮರಳುವಾಗ ಕೇಳಿದೆ, "ಮೊದಲ ದಿನಾನ ಗೊತ್ತಿತ್ತೇನು?"

"ನಮ್ಮ ಮನ್ಯಾಗ ಕ್ಯಾಸೆಟ್ ಪೂರಾ ಇತ್ರಿ."

"ಮತ್ಯಾಕ ಹೇಳಲಿಲ್ಲ?"

"ಹೇಳಿದ್ರ ಮತ್ತ ಬಾಯಿ ಬಿಡತಿದ್ರೇನು ನೀವು? ನಾಕ ಮಂದ್ಯಾಗ ಹೆದರದ ಮಾತಾಡೋದು ನೀವು ಅದೊಂದ. ಅದನ್ಯಾಕ ಕೆಡಸಬೇಕು?" ಎಂದಳು. ಮತ್ತೆ ತಾನೇ, "ಸನೇಕ ಹ್ವಾದ್ರ ಒದೀತೈತಿ ಅಂತ ಮೊದಲ ದಿನಾನ ಎಲ್ಲಾರ ಮುಂದ ಹೇಳಿಟ್ಟಿದ್ರಿ. ನನಗೂ ಅನುಕೂಲ ಆತು" ಎಂದಳು. ನಾನು ದಸ್ತಗೀರಣ್ಣನ ಟೇಪಿನ ಕತೆ ಹೇಳಿ, ಮೊಬೈಲಿನಲ್ಲಿ ಜಕ್ಕಪ್ಪನನ್ನು ಹಚ್ಚಿದೆ. ಬೆಳ್ಳಿ ಬಟ್ಟಲು ಬಂದಾಗ ಇಬ್ಬರೂ ಕೂಡಿಯೇ "ಕಿರ್ರ್" ಎಂದೆವು.

ಎಲ್ಲ ಸುಖವಾಗಿ ಮುಗಿಯಿತು ಎಂದು ನೀವು ತಿಳಿದಿರಬಹುದು. ಆದರೆ ಆ ಕ್ಯಾಸೆಟ್ಟಿನಲ್ಲಿ ಬೇರೆ ಹಾಡುಗಳೂ ಇದ್ದವು. ಒಡಪು ಕೊಟ್ಟ ಧೈರ್ಯದಲ್ಲಿ ಒಮ್ಮೆ ಮಾತ್ರ, ಅವುಗಳಲ್ಲೊಂದನ್ನು ಹಿಂದಿನ ಸಾಹೇಬರ ಬೀಳ್ಕೊಡುಗೆಯಲ್ಲಿ, ಅವರ ಹೆಸರು ಸೇರಿಸಿ, ಅವರ ಮನೆಯವರ ಎದುರೇ ಹಾಡಿದ್ದೇನೆ. ಅಂದೂ ಜನ ಬಹಳ ನಕ್ಕಿದ್ದರು. ಆ ಹಾಡಿನ ನಡುವೆಯೂ ಒಂದು ಕಡೆ ಕಿರ್ರ್ ಅನ್ನುತ್ತಿತ್ತು ಎಂಬುದು ಈಗೀಗ ನೆನಪಾಗುತ್ತಿದೆ. ಪೂರಾ ಕೇಳುವ ಧೈರ್ಯ ಇನ್ನೂ ಬಂದಿಲ್ಲ.