ಚೌಕಾಸಿಗೆ ಬಿದ್ದ ಚಟ್ನಿಪುಡಿ

ಆನ್‌ಲೈನಿನಲ್ಲಿ ಒಂದು ಚಮಚ ಕೊಳ್ಳುವುದಿದ್ದರೂ ಊರವರ ಅಭಿಪ್ರಾಯವನ್ನೆಲ್ಲ ಓದದೆ ಗುಂಡಿ ಒತ್ತುವವನಲ್ಲ ನಾನು. ಹಾಗಾಗಿ ರಿವ್ಯೂ ವಿಷಯದಲ್ಲಿ ಅಂಕೋಲಾ ತಾಲೂಕಿಗೇ ನಾನೊಬ್ಬ ಪಂಡಿತ ಎಂಬ ನಂಬಿಕೆ ಇತ್ತು. ನನಗೊಬ್ಬನಿಗೇ ಇತ್ತು, ಆ ಮಾತು ಬೇರೆ!

ಈ ಬೇಸಿಗೆಯಲ್ಲಿ ನನ್ನ ಹೆಂಡತಿ ಸುನಂದಾ ಒಣ ಶೆಟ್ಲಿ, ಅಂದರೆ ಸಿಗಡಿಯ ಚಟ್ನಿಪುಡಿ ಮಾಡಿ ಆನ್‌ಲೈನಿನಲ್ಲಿ ಮಾರಲು ಹೊರಟಳು. ಮಂಜಗುಣಿಯಿಂದ ಮೂಟೆಗಟ್ಟಲೆ ಒಣ ಶೆಟ್ಲಿ ಬಂದು ಜಗಲಿ ತುಂಬಿತು. ಆದರೆ ಕೊಳ್ಳುವವರೇ ಇಲ್ಲ. ಮಳೆ ಹಿಡಿಯುವುದರೊಳಗೆ ಮಾರಿಹೋಗದಿದ್ದರೆ ಎಲ್ಲಕ್ಕೂ ಬೂಷ್ಟು ಹಿಡಿಯುವುದು ಖಂಡಿತ. ಅವಳು ಸ್ವಂತವಾಗಿ ಶುರುಮಾಡಿದ ಮೊದಲ ಕೆಲಸವದು. ಅವಳ ಸಪ್ಪೆ ಮುಖ ನನಗೆ ನೋಡಲಾಗಲಿಲ್ಲ.

"ಒಂದೂ ರಿವ್ಯೂ ಇಲ್ದೆ ಯಾರು ತಕಂತ್ರು? ಅದು ನಂಗೆ ಬಿಡು" ಎಂದೆ.

"ನಿಮ್ಗೆ ಬಿಟ್ಟಿದ್ದು ಯಾವ್ದು ಉಳದದೆ?" ಎಂದಳು.

ನಾನು ಎದೆಗುಂದಲಿಲ್ಲ. ಚಿತ್ತಾಕುಲದ ಗಿರಿಜತ್ತೆಗೂ ಹಿಲ್ಲೂರಿನ ಭಾವನಿಗೂ ಫೋನ್ ಮಾಡಿದೆ. ಗಿರಿಜತ್ತೆ ನನ್ನ ತಂದೆಯ ತಂಗಿ, ಕಾರವಾರ ಪೇಟೆಯಲ್ಲಿ ಮೀನು ಮಾರಿ ಆಯುಷ್ಯ ಕಳೆದವಳು. "ಆನ್‌ಲೈನಿನಲ್ಲಿ ತರಿಸಿ, ತಿಂದು, ಮನಸ್ಸಿಗೆ ಬಂದದ್ದನ್ನು ಬರೆಯಿರಿ" ಎಂದೆ. ಇಬ್ಬರೂ ತರಿಸಿದರು, ಬಾಟಲಿ ನೆಕ್ಕಿ ಖಾಲಿ ಮಾಡಿದರು, ಬರೆದರು. ನಾನು ಹೆಮ್ಮೆಯಿಂದ ಮೊಬೈಲ್ ತೆರೆದೆ.

ಗಿರಿಜತ್ತೆ, ಎರಡು ಸ್ಟಾರ್: "ಇದೆಂತಾ ಬಾಟ್ಲಿ? ಬೊಗಸೆಯೂ ತುಂಬೂದಿಲ್ಲ. ಬಣ್ಣ ನೋಡಿದ್ರೆ ಹಳೇ ಶೆಟ್ಲಿ. ಅರ್ಧಕ್ಕೆ ಕೊಡ್ತ್ಯಾ ಹೇಳು, ನಾಕು ತಕಂತೆ."

ಭಾವ, ಒಂದು ಸ್ಟಾರ್: "ಬೆಲೆ ಕೇಳಿ ತಲೆ ತಿರುಗ್ತು. ಇಳಿಸು, ಮತ್ತೆ ಮಾತಾಡ್ವ."

ಕೂಡಲೇ ಅತ್ತೆಗೆ ಫೋನ್ ಹಚ್ಚಿದೆ. "ಅತ್ತೇ, ಚಟ್ನಿ ರುಚಿ ಇಲ್ವಾ?"

"ಅಯ್ಯೋ ದೇವ್ರೇ! ಈಗ್ಲೂ ಬಾಯಲ್ಲಿ ಅದೇ ರುಚಿ ಅದೆ!"

"ಮತ್ತೆ ಎರಡೇ ಸ್ಟಾರು?"

"ಅಲ್ಲಾ ತಮಾ, ಮೊದ್ಲೇ ಐದೂ ಕೊಟ್ಬಿಟ್ರೆ ಚೌಕಾಸಿಗೆ ಎಂತಾ ಉಳೀತು? ಮೀನು ಚಲೋ ಅದೆ ಅಂತ ಹೊಗಳಿ ಯಾರಾದ್ರೂ ಮೀನು ತಕಂತ್ರಾ? ನೀ ಬೆಲೆ ಇಳಿಸು, ನಾ ಸ್ಟಾರ್ ಏರಸ್ತೆ!"

ಅತ್ತೆ ಹೇಳಿದ್ದು ಸುಳ್ಳಲ್ಲ. ನಮ್ಮ ಪೇಟೆಯಲ್ಲಿ ಬೇಕೇಬೇಕಾದ ಮೀನಿಗೇ ಮೂಗು ಮುರಿಯುವುದು. ಬೇಡವಾದ ಮೀನನ್ನು ಬೈಯಲು ಯಾರಿಗೆ ಪುರುಸೊತ್ತಿದೆ? ಆದರೆ ಇದು ಆನ್‌ಲೈನ್ ಕಂಪನಿಯ ಕಂಪ್ಯೂಟರಿಗೆ ತಿಳಿಯಬೇಕಲ್ಲ! "ನಿಮ್ಮ ವಸ್ತುವಿನ ಬಗ್ಗೆ ಗ್ರಾಹಕರಿಗೆ ತೀವ್ರ ಅಸಮಾಧಾನವಿದೆ. ಸುಧಾರಿಸದಿದ್ದರೆ ತೆಗೆದುಹಾಕಲಾಗುವುದು" ಎಂಬ ಸಂದೇಶ ಬಂತು.

ಗಾಬರಿಯಲ್ಲಿ ಸುನಂದಾಳನ್ನು ಕೇಳದೆಯೇ ಬೆಲೆ ಇಳಿಸಿದೆ. ಅತ್ತೆ ಮಾತಿಗೆ ತಪ್ಪುವವಳಲ್ಲ, ಮೂರು ಸ್ಟಾರಿಗೆ ಏರಿದಳು. ಜೊತೆಗೆ ಬರೆದಳು: "ಇಳಿಸಿದ್ರು. ಇನ್ನೂ ಒತ್ತಿದ್ರೆ ಇನ್ನೂ ಇಳಿಸ್ತ್ರು!"

ಇದನ್ನು ಓದಿದ ಮೇಲೆ ಯಾರು ಕೊಳ್ಳುತ್ತಾರೆ? ಕಾಯುತ್ತಾರೆ! ಕೊನೆಯ ಅಸ್ತ್ರವಾಗಿ ಸುನಂದಾ ಸ್ನಾನಕ್ಕೆ ಹೋದಾಗ ಅವಳದೇ ಫೋನಿನಿಂದ 'ಅಪರಿಚಿತ ಗ್ರಾಹಕ' ಎಂಬ ಹೆಸರಿನಲ್ಲಿ ಐದು ಸ್ಟಾರ್ ಒತ್ತಿ ಬರೆದೆ: "ಈ ಮಹಾತಾಯಿಯ ಕೈರುಚಿಗೆ ಸರಿಸಾಟಿಯಿಲ್ಲ. ಇವರನ್ನು ಪಡೆದ ಪತಿ ಧನ್ಯ!"

ಅವಳು ಬಂದು ಪುಟ ನೋಡಿದಳು. ಮೊದಲು ಕಣ್ಣಿಗೆ ಬಿದ್ದದ್ದು ಬೆಲೆ. ಆಮೇಲೆ ನನಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದು ಶಿಷ್ಟಾಚಾರವಲ್ಲ. ಬೆಲೆ ಮೊದಲಿನಷ್ಟಕ್ಕೇ ಏರಿಸಿ ಅತ್ತೆಯ ರಿವ್ಯೂ ಕೆಳಗೆ ಉತ್ತರ ಬರೆದಳು: "ಬ್ಯಾಡಾದ್ರೆ ಬಿಡಿ ಅತ್ತೆ. ನಾಳೆ ಬಂದು ಕೇಳಿದ್ರೆ ಚೂರೂ ಸಿಗೂದಿಲ್ಲ!"

ತಕ್ಷಣ ಅತ್ತೆ ಐದು ಸ್ಟಾರಿಗೆ ಹಾರಿದಳು: "ಹಾಂ, ಈಗ ಮಾರೂಕೆ ಕಲ್ತೆ! ನಾಕು ಕಳ್ಸು!" ಹಿಂದೆಯೇ ಭಾವನೂ ಹತ್ತಿದ. ಈ ಜಗಳವನ್ನು ಓದಿದ ಕರಾವಳಿಯವರೆಲ್ಲ ಊರ ಪೇಟೆಗೇ ಬಂದಷ್ಟು ಖುಷಿಯಲ್ಲಿ ತಾವೂ ಬೈದು, ಚೌಕಾಸಿ ಮಾಡಿ, ಪೂರ್ತಿ ಬೆಲೆ ಕೊಟ್ಟು ತರಿಸಿಕೊಂಡರು. ಮಳೆಗೆ ಮೊದಲೇ ಜಗಲಿ ಖಾಲಿ. ಸುನಂದಾಳ ನಗು ನೋಡಿ ನನಗೂ ಸಂತೋಷವಾಯಿತು.

ಆಗ ಕಂಪನಿಯಿಂದ ಇನ್ನೊಂದು ಸಂದೇಶ: "ಎಲ್ಲ ಅಭಿಪ್ರಾಯಗಳನ್ನೂ ಪರಿಶೀಲಿಸಿದ್ದೇವೆ. ಮಾರಾಟಗಾರರ ಫೋನಿನಿಂದಲೇ ಬರೆದ ಒಂದನ್ನು ಮಾತ್ರ ನಕಲಿ ಎಂದು ತೆಗೆದುಹಾಕಿದ್ದೇವೆ." ಕೆಳಗೆ ನನ್ನ ಸಾಹಿತ್ಯ!

ಸುನಂದಾ ಅದನ್ನು ಗಟ್ಟಿಯಾಗಿ ಓದಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಉಣ್ಣೂಕೆ ಕುಂತಾಗ ಒಂದ್ ದಿನಾನೂ ಚಲೋ ಅದೆ ಅಂದವ್ರಲ್ಲ. ಕಂಪನಿಗೂ ಸಂಶಯ ಬಂತು ನೋಡಿ!"

"ದೇವರಾಣೆ, ಬರೆದದ್ದೆಲ್ಲ ನಿಜ" ಎಂದೆ.

"ಹೌದಾ? ಹಾಂಗಾರೆ ಈಗ ಬಾಯಿಬಿಟ್ಟು ಹೇಳಿ" ಎಂದು ತಟ್ಟೆಗೆ ಚಟ್ನಿ ಬಡಿಸಿ ಎದುರೇ ಕುಳಿತಳು.

ಒಂದು ತುತ್ತು ತಿಂದೆ. ಅಮೃತ! ಹೃದಯ ತುಂಬಿ ಬಂತು. ಗಂಟಲು ಸರಿಮಾಡಿಕೊಂಡೆ.

"ಉಪ್ಪು ಒಂಚೂರು ಕಮ್ಮಿ" ಎಂದೆ.